ತುರುಗೋಳಿನ ಹುಯ್ಯಲಿನಿಂದ ಕಾರಿನ ಅಲಾರಂವರೆಗೆ



ನಮ್ಮ ಹೊಸೂರು, ತಳಿ, ಡೆಂಕಣಿಕೋಟೆ ಕಡೆ ಈಗ ಮೇಷ್ಟ್ರುಗಳ ಮನೆ ಮುಂದೆಯೂ ಕಾರು ಕಾಣುತ್ತದೆ. ಹೆಚ್ಚಿನವು ಹೊಸವಲ್ಲ, ಬೆಂಗಳೂರಿನಲ್ಲಿ ಹತ್ತು ಹದಿನೈದು ವರ್ಷ ಓಡಿ ನಮ್ಮ ಕೈಗೆ ಬಂದ ಸೆಕೆಂಡ್ ಹ್ಯಾಂಡ್ ಗಾಡಿಗಳು. ಕೀಲಿಯ ಜೊತೆ ಕಂಪನಿಯೇ ಕೊಟ್ಟ ರಿಮೋಟ್ ಇರುತ್ತದೆ. ಗುಂಡಿ ಒತ್ತಿದರೆ ನಾಲ್ಕೂ ಬಾಗಿಲು ‘ಟಕ್’ ಎಂದು ತೆರೆದುಕೊಳ್ಳುತ್ತವೆ. ಆದರೆ ರಾತ್ರಿ ಯಾರಾದರೂ ಗಾಜು ಒಡೆದು ಕೈ ಹಾಕಿದರೆ? ಅಂಥ ಎಷ್ಟೋ ಕಾರುಗಳು ತುಟಿ ಪಿಟಕ್ಕೆನ್ನುವುದಿಲ್ಲ! ರಿಮೋಟ್ ಕೊಟ್ಟವರು ಅಲಾರಂ ಏಕೆ ಕೊಡಲಿಲ್ಲ? ಈಗ ಹೊರಗಿನಿಂದ ತಂದು ಹಾಕಿಸಬಹುದೇ? ಹಾಕಿಸಿದರೆ ಏನು ಸಿಗುತ್ತದೆ? ಇವು ಬರೀ ಮೆಕ್ಯಾನಿಕ್ ಉತ್ತರಿಸುವ ಪ್ರಶ್ನೆಗಳಲ್ಲ. ಇವುಗಳ ಹಿಂದೆ ದೊಡ್ಡ ಇತಿಹಾಸವಿದೆ, ಅದು ನಮ್ಮ ನೆಲದಿಂದಲೇ ಶುರುವಾಗುತ್ತದೆ.

ಅಲಾರಂ ಎಂಬುದಕ್ಕೆ ಕನ್ನಡದಲ್ಲಿ ಪದವಿಲ್ಲ ಎಂದು ಕೆಲವರು ಹೇಳುವುದುಂಟು. ಇಲ್ಲದೆ ಏನು! ಹಳಗನ್ನಡದ ‘ಪುಯ್ಯಲ್’, ನಂತರದ ‘ಹುಯ್ಯಲು’ ಅದೇ ಅಲ್ಲವೇ? ಆಪತ್ತು ಬಂದಾಗ ನಾಲ್ಕು ಜನ ಓಡಿ ಬರಲಿ ಎಂದು ಹಾಕುವ ಕೂಗು. ಹಳೆಯ ವೀರಗಲ್ಲುಗಳನ್ನು ಓದುವವರು ಮೂರು ಪದಗಳನ್ನು ಮತ್ತೆ ಮತ್ತೆ ಕಾಣುತ್ತಾರೆ: ತುರುಗೋಳ್, ಊರಳಿವು, ಪೆಣ್ಬುಯ್ಯಲ್. ತುರುಗೋಳ್ ಎಂದರೆ ದನ ಹಿಡಿದೊಯ್ಯುವುದು. ಊರಳಿವು ಎಂದರೆ ಊರು ಹಾಳಾಗುವುದು. ಪೆಣ್ಬುಯ್ಯಲ್ ಎಂದರೆ ಹೆಣ್ಣಿನ ಮೊರೆ. ಧರ್ಮಪುರಿ, ಕೃಷ್ಣಗಿರಿ ಸೀಮೆ ಇಂಥ ಕಲ್ಲುಗಳಿಗೆ ಹೆಸರಾದದ್ದು. ತಮಿಳಿನಲ್ಲಿ ಇವನ್ನು ‘ನಡುಕಲ್’ ಎನ್ನುತ್ತಾರೆ. ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲೂ ಇವನ್ನು ನೋಡಬಹುದು. ಆ ಕಾಲದಲ್ಲಿ ದನವೇ ಧನ. ಉಳುವುದು, ಹೊರುವುದು, ಗಾಡಿ ಎಳೆಯುವುದು ಎಲ್ಲವೂ ಅದರಿಂದಲೇ. ದನ ಕದಿಯುವುದೆಂದರೆ ಇಂದಿನ ವಾಹನ ಕಳ್ಳತನಕ್ಕಿಂತ ದೊಡ್ಡ ಪೆಟ್ಟು.

ಆಗಿನವರು ತಮ್ಮ ಸೊತ್ತನ್ನು ಹೇಗೆ ಕಾಯುತ್ತಿದ್ದರು? ಮೂರು ದಾರಿಗಳಿದ್ದವು. ಮೊದಲನೆಯದು ಗುರುತು, ಎರಡನೆಯದು ಬೀಗ, ಮೂರನೆಯದು ಕೂಗು. ದನಕ್ಕೆ ಬರೆ ಹಾಕಿ ಗುರುತು ಮಾಡುತ್ತಿದ್ದರು. ಕೊಟ್ಟಿಗೆಗೆ ಅಗಳಿ, ಊರಿಗೆ ಕೋಟೆ ಬಾಗಿಲು, ಇದು ಬೀಗ. ಇವೆರಡನ್ನೂ ಮೀರಿ ಕಳ್ಳ ಬಂದರೆ ಹುಯ್ಯಲು. ಮುಂದೆ ಬ್ರಿಟಿಷರ ಕಾಲದಲ್ಲಿ ನಮ್ಮ ಹೊಸೂರಿನಲ್ಲಿ ಸೇನೆಯ ಕುದುರೆ ಡಿಪೋ ಇತ್ತು. ಸೇನೆಯ ಕುದುರೆಗಳಿಗೂ ಮುದ್ರೆ ಒತ್ತುತ್ತಿದ್ದರು. ಇಂದಿನ ಚಾಸಿ ನಂಬರು ಆ ಮುದ್ರೆಯ ಮೊಮ್ಮಗ ಎನ್ನಬಹುದು. ಗುರುತು, ಬೀಗ, ಕೂಗು: ಈ ಮೂರನ್ನು ನೆನಪಿನಲ್ಲಿಟ್ಟುಕೊಂಡರೆ ಮೋಟಾರು ಗಾಡಿಯ ಕತೆ ಸುಲಭವಾಗಿ ಅರ್ಥವಾಗುತ್ತದೆ.

ಮೊದಮೊದಲ ಮೋಟಾರುಗಳಿಗೆ ಬೀಗದ ಚಿಂತೆ ಅಷ್ಟಿರಲಿಲ್ಲ. ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಎಂಜಿನ್ ಎಬ್ಬಿಸಬೇಕಿತ್ತು. ಅದು ಗೊತ್ತಿದ್ದವರೇ ವಿರಳ! 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬಂತು. ಓಡಿಸುವುದು ಸುಲಭವಾಯಿತು, ಕದಿಯುವುದೂ ಸುಲಭವಾಯಿತು. ಕೀಲಿ ತಿರುಗಿಸಿದರೆ ಎಂಜಿನ್ ಹೊರಡುವ ಏರ್ಪಾಡನ್ನು 1949ರಲ್ಲಿ ಕ್ರೈಸ್ಲರ್ ಕಂಪನಿ ತಂದಿತು. ಕೀಲಿ ತೆಗೆದರೆ ಸ್ಟೀರಿಂಗ್ ಬಿಗಿಯುವ ಬೀಗ ಆಮೇಲೆ ಎಲ್ಲೆಡೆ ಹರಡಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ನಿಲ್ಲಿಸಿದ ಗಾಡಿ ಶತ್ರುವಿನ ಕೈಗೆ ಸಿಕ್ಕರೂ ಓಡದಂತೆ ಮಾಡಬೇಕೆಂಬ ನಿಯಮವೇ ಇತ್ತು. ಅದಕ್ಕಾಗಿ ಡಿಸ್ಟ್ರಿಬ್ಯೂಟರಿನ ರೋಟರ್ ಕಳಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ನಮ್ಮ ಕಡೆ ಈ ಕತೆ ಬೇರೆ ರೂಪದಲ್ಲಿ ನಡೆಯಿತು. 1971ರಲ್ಲಿ ಸಿಪ್ಕಾಟ್ ಸ್ಥಾಪನೆಯಾದ ಮೇಲೆ ಹೊಸೂರು ಕೈಗಾರಿಕಾ ಊರಾಯಿತು. 1980ರಲ್ಲಿ ಇಲ್ಲಿಂದಲೇ ಟಿವಿಎಸ್ 50 ಮೊಪೆಡ್ ಹೊರಬಂತು. ಅದೇ ವರ್ಷ ಅಶೋಕ್ ಲೇಲ್ಯಾಂಡ್ ಲಾರಿ ಕಾರ್ಖಾನೆಯೂ ಶುರುವಾಯಿತು. ಸೈಕಲ್ ತುಳಿಯುತ್ತಿದ್ದ ರೈತರು, ಹಾಲಿನವರು, ಮೇಷ್ಟ್ರುಗಳು ಮೊಪೆಡ್ ಏರಿದರು. ಅದಕ್ಕೆ ಕಾವಲು ಏನು? ಚಕ್ರಕ್ಕೆ ಸರಪಳಿ, ಅದಕ್ಕೊಂದು ಬೀಗ. ಇನ್ನೂ ಜಾಣರಾದವರು ಪೆಟ್ರೋಲ್ ಟ್ಯಾಪ್ ಮುಚ್ಚಿ ಇಳಿಯುತ್ತಿದ್ದರು. ಕಳ್ಳ ಏರಿ ಹೊರಟರೆ ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲ್ ಮುಗಿಯುವವರೆಗೆ ಮಾತ್ರ ಓಟ, ಮುಂದೆ ‘ಡುಸ್’! ರೋಟರ್ ಕಳಚಿದ ಬ್ರಿಟನ್ನಿನವನೂ ಟ್ಯಾಪ್ ಮುಚ್ಚಿದ ನಮ್ಮ ಹಾಲಿನವನೂ ಮಾಡಿದ್ದು ಒಂದೇ ಕೆಲಸ: ಗಾಡಿ ಕೈಗೆ ಸಿಕ್ಕರೂ ಓಡಬಾರದು. ಇಂದಿನ ಕಾರುಗಳಲ್ಲಿ ಇದಕ್ಕೆ ‘ಇಮ್ಮೊಬಿಲೈಸರ್’ ಎಂಬ ದೊಡ್ಡ ಹೆಸರು.

ಇನ್ನು ರಿಮೋಟಿನ ವಿಷಯಕ್ಕೆ ಬರೋಣ. 1980ರಲ್ಲಿ ಫೋರ್ಡ್ ಕಂಪನಿ ಬಾಗಿಲ ಮೇಲೆ ಅಂಕಿ ಒತ್ತಿ ತೆರೆಯುವ ಏರ್ಪಾಡು ತಂದಿತು. 1982ರಲ್ಲಿ ಫ್ರಾನ್ಸಿನ ರೆನೋ ಫ್ಯುಯೆಗೋ ಕಾರಿಗೆ ಕೈಯಲ್ಲಿ ಹಿಡಿದು ಒತ್ತುವ ರಿಮೋಟ್ ಬಂತು. ಗಮನಿಸಿ, ಈ ಎರಡೂ ಹುಟ್ಟಿದ್ದು ಅನುಕೂಲಕ್ಕೆ. ಕೈಯಲ್ಲಿ ಸಾಮಾನು ಹಿಡಿದವರು ಕತ್ತಲಲ್ಲಿ ಕೀಲಿ ರಂಧ್ರ ಹುಡುಕುವ ಕಷ್ಟ ತಪ್ಪಲಿ ಎಂಬುದೇ ಉದ್ದೇಶ. ಅಂದರೆ ರಿಮೋಟ್ ಎಂಬುದು ಬೀಗದ ಸಂಬಂಧಿ, ಕೂಗಿನ ಸಂಬಂಧಿ ಅಲ್ಲ. ರಿಮೋಟ್ ಇದ್ದೂ ಹಳೆಯ ಕಾರು ಮೂಕವಾಗಿರುವ ಗುಟ್ಟು ಇದೇ.

ಆ ಬೀಗಕ್ಕೂ ಒಂದು ತೊಂದರೆ ಬಂತು. ಮೊದಲ ರಿಮೋಟುಗಳು ಪ್ರತಿ ಸಲವೂ ಒಂದೇ ಸಂಕೇತ ಕಳಿಸುತ್ತಿದ್ದವು. ಅದನ್ನು ಯಾರಾದರೂ ಹಿಡಿದಿಟ್ಟು ಮತ್ತೆ ಬಿಟ್ಟರೆ ಬಾಗಿಲು ತೆರೆಯುತ್ತಿತ್ತು. ಆಗ ಪ್ರತಿ ಒತ್ತಿಗೂ ಬದಲಾಗುವ ಸಂಕೇತ, ಅಂದರೆ ‘ರೋಲಿಂಗ್ ಕೋಡ್’ ಬಂತು. ಅದರಲ್ಲಿ ಹೆಸರಾದ ಕೀಲಾಕ್ ಪದ್ಧತಿ ಹುಟ್ಟಿದ್ದು ದಕ್ಷಿಣ ಆಫ್ರಿಕಾದಲ್ಲಿ. 1995ರಲ್ಲಿ ಅಮೆರಿಕದ ಮೈಕ್ರೋಚಿಪ್ ಕಂಪನಿ ಅದನ್ನು ಕೊಂಡಿತು. 2008ರಲ್ಲಿ ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದವರು ಅದನ್ನೂ ಭೇದಿಸಬಹುದೆಂದು ತೋರಿಸಿದರು. ಚಾಪೆ ಕೆಳಗೆ ನುಸುಳಿದರೆ ರಂಗೋಲಿ ಕೆಳಗೆ ನುಸುಳುವವನಿದ್ದಾನೆ!

ಇದರ ನಡುವೆ ಎಂಜಿನ್ ತಡೆಯುವ ಇಮ್ಮೊಬಿಲೈಸರ್ ಕಾಯಿದೆಯ ರೂಪ ಪಡೆಯಿತು. ಯುರೋಪಿನ ಹೊಸ ಕಾರುಗಳಿಗೆ 1998ರಿಂದ ಅದು ಕಡ್ಡಾಯವಾಯಿತು. ನಮ್ಮ ದೇಶದಲ್ಲಿ 2000ರ ದಶಕದ ನಡುವೆ ಮಾರುತಿ ಕಾರುಗಳಿಗೆ ‘ಐಕ್ಯಾಟ್ಸ್’ ಎಂಬ ಹೆಸರಿನಲ್ಲಿ ಬಂತು. ಕೀಲಿಯ ತಲೆಯೊಳಗೆ ಪುಟ್ಟ ಚಿಪ್ ಇರುತ್ತದೆ. ಕೀಲಿ ಹಾಕುವ ಜಾಗದ ಸುತ್ತ ತಂತಿಯ ಸುರುಳಿ ಇರುತ್ತದೆ. ಚಿಪ್ಪಿನ ಗುರುತು ಹೊಂದದಿದ್ದರೆ ಎಂಜಿನ್ ಹೊರಡುವುದಿಲ್ಲ. ಒಳ್ಳೆಯದೇ. ಆದರೆ ಇದೂ ಮೂಕ. ಗಾಡಿ ಹೋಗದಿರಬಹುದು, ಒಳಗಿದ್ದ ಬ್ಯಾಗು, ಸ್ಟೀರಿಯೋ ಹೋಗಬಹುದು.

ಹೀಗಾಗಿ ಆ ಕಾಲದ ಅನೇಕ ಕಾರುಗಳಲ್ಲಿ ಗುರುತು ಇದೆ, ಬೀಗ ಇದೆ, ಕೂಗು ಮಾತ್ರ ಇಲ್ಲ. ಆ ಕೊರತೆ ತುಂಬಲು ಹೊರಗಿನ ಅಲಾರಂ ಮಾರುಕಟ್ಟೆ ಬೆಳೆಯಿತು. ಗಡಿಯ ಈಚೆ ಇರುವ ನಮಗೆ ಬೆಂಗಳೂರಿನ ಜೆ.ಸಿ. ರಸ್ತೆ ದೂರವೇನಲ್ಲ. ಒಂದು ಕಂಟ್ರೋಲ್ ಪೆಟ್ಟಿಗೆ, ಬಾನೆಟ್ಟಿನೊಳಗೆ ಸೈರನ್, ಅಲುಗಾಟ ಗುರುತಿಸುವ ಸೆನ್ಸರ್, ಬಾಗಿಲ ಸ್ವಿಚ್ಚಿಗೆ ಒಂದು ತಂತಿ, ಸ್ಟಾರ್ಟರ್ ತಡೆಯಲು ಒಂದು ರಿಲೇ, ಇಷ್ಟು ಸೇರಿದರೆ ಅಲಾರಂ. ಕಂಪನಿ ರಿಮೋಟ್ ಇರುವ ಕಾರಿಗೆ ಇದನ್ನು ಎರಡು ರೀತಿ ಜೋಡಿಸಬಹುದು. ಒಂದು, ಅಲಾರಂನ ಸ್ವಂತ ರಿಮೋಟ್. ಆಗ ಜೇಬಿನಲ್ಲಿ ಎರಡು ರಿಮೋಟ್. ಇನ್ನೊಂದು, ಕಂಪನಿ ರಿಮೋಟ್ ಬಾಗಿಲಿಗೆ ಕಳಿಸುವ ಸಂಕೇತವನ್ನೇ ಅಲಾರಂ ಪೆಟ್ಟಿಗೆ ಕೇಳಿಸಿಕೊಳ್ಳುವುದು. ಬಾಗಿಲು ಹಾಕಿದರೆ ಕಾವಲು ಶುರು, ತೆಗೆದರೆ ಕಾವಲು ಬಿಡುವು. ಎರಡನೆಯದು ಅನುಕೂಲ. ಆದರೆ ಕಂಪನಿ ರಿಮೋಟ್ ಯಾರ ಕೈಗಾದರೂ ಸಿಕ್ಕರೆ ಬೀಗವೂ ಕೂಗೂ ಒಟ್ಟಿಗೆ ಹೋದಂತೆ. ಮೊದಲನೆಯದರಲ್ಲಿ ಅವೆರಡೂ ಬೇರೆ ಬೇರೆ ಕೈಯಲ್ಲಿರುತ್ತವೆ.

ಹಾಕಿಸುವವರು ಕೆಲವು ಮಾತು ಗಮನಿಸಬೇಕು. ರಿಲೇ ಸ್ಟಾರ್ಟರನ್ನು ಮಾತ್ರ ತಡೆಯಲಿ. ಓಡುತ್ತಿರುವ ಎಂಜಿನ್ ನಿಲ್ಲಿಸುವ ಜೋಡಣೆ ಬೇಡ, ಶೂಲಗಿರಿ ಹತ್ತಿರ ಹೆದ್ದಾರಿಯಲ್ಲಿ ಎಂಜಿನ್ ನಿಂತರೆ ಸ್ಟೀರಿಂಗ್, ಬ್ರೇಕ್ ಎರಡೂ ಭಾರವಾಗುತ್ತವೆ. ಏರ್‌ಬ್ಯಾಗಿನ ಹಳದಿ ತಂತಿಗಳನ್ನು ಮುಟ್ಟಬಾರದು. ದೂರದಿಂದಲೇ ಎಂಜಿನ್ ಸ್ಟಾರ್ಟ್ ಮಾಡುವ ಆಸೆಗೆ ಚಿಪ್ ಇರುವ ಇನ್ನೊಂದು ಕೀಲಿಯನ್ನು ಡ್ಯಾಶ್‌ಬೋರ್ಡಿನೊಳಗೆ ಅಂಟಿಸುವುದುಂಟು. ಅದು ಇಮ್ಮೊಬಿಲೈಸರಿನ ಬಾಗಿಲು ನಾವೇ ತೆಗೆದಿಟ್ಟಂತೆ. ತಂತಿಗಳನ್ನು ಬರೀ ತಿರುಚಿ ಟೇಪ್ ಸುತ್ತಿದರೆ ಸಾಲದು, ಬೆಸುಗೆ ಹಾಕಿಸಿ.

ಬ್ಯಾಟರಿ ಲೆಕ್ಕವನ್ನೂ ಮಾಡಿ, ಇದು ಮಕ್ಕಳಿಗೂ ಒಳ್ಳೆಯ ಗಣಿತ. ಅಲಾರಂ ಕಾವಲಿನಲ್ಲಿದ್ದಾಗ 20 ಮಿಲಿ ಆಂಪಿಯರ್ ಎಳೆಯುತ್ತದೆ ಎನ್ನೋಣ. 24 ಗಂಟೆಗೆ 0.48 ಆಂಪಿಯರ್ ಅವರ್, 30 ದಿನಕ್ಕೆ 14.4. ಬ್ಯಾಟರಿ 35 ಆಂಪಿಯರ್ ಅವರ್‌ನದಾದರೆ ಬೇಸಿಗೆ ರಜೆ ಒಂದು ತಿಂಗಳು ಗಾಡಿ ನಿಂತರೆ ಹತ್ತಿರ ಹತ್ತಿರ ಐದರಲ್ಲಿ ಎರಡು ಪಾಲು ಖಾಲಿ! ಕೊಳ್ಳುವಾಗ ಪುಣೆಯ ಎ.ಆರ್.ಎ.ಐ. ಒಪ್ಪಿಗೆ ಇದೆಯೇ ಕೇಳಿ. 2002ರ ಮೋಟಾರು ವಿಮೆ ಟಾರಿಫ್‌ನಲ್ಲಿ ಅಂಥ ಸಾಧನಕ್ಕೆ ಸ್ವಂತ ಹಾನಿ ಪ್ರೀಮಿಯಂನಲ್ಲಿ ಶೇ. 2.5, ಗರಿಷ್ಠ 500 ರೂಪಾಯಿ ರಿಯಾಯಿತಿ ಹೇಳಿತ್ತು. ನಿಮ್ಮ ವಿಮೆ ಕಂಪನಿಯಲ್ಲಿ ವಿಚಾರಿಸಿ ನೋಡಿ.

ಇಷ್ಟೆಲ್ಲ ಆಯಿತು. ಈಗ ಮುಖ್ಯ ಪ್ರಶ್ನೆ. ಅಲಾರಂ ಕೂಗಿದರೆ ಯಾರು ಬರುತ್ತಾರೆ? ದೀಪಾವಳಿಯ ಪಟಾಕಿಗೆ ಅದು ಕೂಗುತ್ತದೆ, ಗುಡುಗಿಗೆ ಕೂಗುತ್ತದೆ, ಗ್ರಾನೈಟ್ ಕಲ್ಲು ಹೊತ್ತ ಲಾರಿ ಹೋದರೆ ಕೂಗುತ್ತದೆ. ‘ತೋಳ ಬಂತು ತೋಳ’ ಕತೆಯ ಹುಡುಗನಂತೆ! ನಾಲ್ಕು ಸಲ ಕೇಳಿದ ಬೀದಿಯವರು ಐದನೆಯ ಸಲ ಕಿಟಕಿ ಮುಚ್ಚುತ್ತಾರೆ. ಅದಕ್ಕೇ ಅಲುಗಾಟದ ಸೆನ್ಸರನ್ನು ಮಂದ ಮಾಡಿಸಬೇಕು. ಸೈರನ್ ತಾನಾಗಿ ನಿಲ್ಲುವಂತಿರಬೇಕು. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದ ಮಿತಿ 45 ಡೆಸಿಬಲ್ ಎಂಬುದೂ ನೆನಪಿರಲಿ.

ವೀರಗಲ್ಲನ್ನು ಮತ್ತೊಮ್ಮೆ ನೋಡಿ. ಅನೇಕ ಕಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಸ್ವರ್ಗ. ಕೂಗಿದವರಿಗೆ ಅಲ್ಲಿ ಕಲ್ಲು ನೆಟ್ಟಿಲ್ಲ. ಕೂಗು ಕೇಳಿ ಓಡಿಬಂದವನಿಗೆ ನೆಟ್ಟಿದ್ದಾರೆ. ಸಾವಿರ ವರ್ಷದ ಹಿಂದಿನವರಿಗೆ ಗೊತ್ತಿತ್ತು, ಹುಯ್ಯಲಿನ ಬೆಲೆ ಓಗೊಡುವವನಿಂದ. ನಾವು ಸೈರನ್ ಕೊಂಡೆವು, ಓಗೊಡುವವನನ್ನು ಅಂಗಡಿಯಲ್ಲಿ ಕೊಳ್ಳಲಾಗಲಿಲ್ಲ.

ಗಡಿಯವರಿಗೆ ಇನ್ನೊಂದು ಕಷ್ಟವಿದೆ. ಹೊಸೂರಿನಿಂದ ಅತ್ತಿಬೆಲೆ ದಾಟಲು ಕೆಲವು ನಿಮಿಷ ಸಾಕು. ಟಿಎನ್ 70 ಗಾಡಿ ಆಚೆ ಕಳುವಾದರೆ ಎಲ್ಲಿ ದೂರು ಕೊಡುವುದು? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಕಳವು ಎಲ್ಲೇ ಆಗಿದ್ದರೂ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ತುರ್ತಿಗೆ 112 ಇದೆ. ಚಾಸಿ ನಂಬರು, ಎಂಜಿನ್ ನಂಬರು ಒಂದು ಕಾಗದದಲ್ಲಿ ಬರೆದು ಮನೆಯಲ್ಲಿಡಿ, ಗಾಡಿಯೊಳಗೆ ಅಲ್ಲ! ಗುರುತಿನ ಕೆಲಸ ಅಲ್ಲೇ.

ಕೀಲಿಯೇ ಇಲ್ಲದ ಗಾಡಿಗಳು ಈಗ ನಮ್ಮ ಜಿಲ್ಲೆಯಲ್ಲೇ ತಯಾರಾಗುತ್ತಿವೆ. 2021ರಲ್ಲಿ ಪೋಚಂಪಳ್ಳಿ ಬಳಿ ಓಲಾ ಕಾರ್ಖಾನೆ ಬಂತು. ಅದೇ ವರ್ಷ ಬಂದ ಅದರ ಎಸ್1 ಸ್ಕೂಟರು ಮೊಬೈಲಿಗೋ ಅಂಕಿಗೋ ತೆರೆದುಕೊಳ್ಳುತ್ತದೆ. ಜೇಬಿನಲ್ಲಿ ಕೀಲಿ ಇದ್ದರೆ ತಾನೇ ತೆರೆಯುವ ಕಾರುಗಳ ಸಂಕೇತವನ್ನು ದೂರಕ್ಕೆ ದಾಟಿಸಿ ಮೋಸ ಮಾಡಬಹುದೆಂದು 2011ರಲ್ಲೇ ಸ್ವಿಟ್ಜರ್ಲೆಂಡಿನ ಸಂಶೋಧಕರು ತೋರಿಸಿದ್ದರು. ಬೀಗದ ಕತೆ ಹೀಗೆ ಮುಂದುವರಿಯುತ್ತಲೇ ಇರುತ್ತದೆ. ಕೂಗು ಮಾತ್ರ ಬೀದಿ ಬಿಟ್ಟು ಯಜಮಾನನ ಮೊಬೈಲಿನೊಳಗೆ ಸೇರುತ್ತಿದೆ. ಅವನು ಊರಲ್ಲಿಲ್ಲದಿದ್ದರೆ?

ಆದ್ದರಿಂದ ಅಲಾರಂ ಹಾಕಿಸಿ, ಬೇಡ ಎನ್ನುವುದಿಲ್ಲ. ಹಾಕಿಸಿದ ದಿನ ಅಕ್ಕಪಕ್ಕದ ನಾಲ್ಕು ಮನೆಯವರಿಗೆ ಒಮ್ಮೆ ಕೂಗಿಸಿ ಕೇಳಿಸಿ, “ಇದು ನಮ್ಮ ಗಾಡಿ, ಕೂಗಿದರೆ ಒಮ್ಮೆ ನೋಡಿ, ಫೋನ್ ಮಾಡಿ” ಎಂದು ನಂಬರು ಕೊಡಿ. ಅವರ ಗಾಡಿ ಕೂಗಿದಾಗ ನೀವೂ ಲೈಟು ಹಾಕಿ ಹೊರಗೆ ನೋಡಿ. ಶಾಲೆಯ ಹತ್ತಿರ ವೀರಗಲ್ಲು ಇದ್ದರೆ ಸಮಾಜ ಪಾಠದ ದಿನ ಮಕ್ಕಳನ್ನು ಕರೆದೊಯ್ದು ತೋರಿಸಿ, ಅದು ಯಾವ ಕೂಗಿಗೆ ಓಗೊಟ್ಟವನ ಕಲ್ಲು ಎಂದು ಕೇಳಿ. ನಿಮ್ಮೂರಲ್ಲಿ ಅಂಥ ಕಲ್ಲು ಎಲ್ಲಿದೆ, ಓದುಗ ಮಿತ್ರರೇ?