ಬಿಸಿಲು ಹಿಡಿಯುವ ಪೊರೆ

‘ಪೊರೆ’ ಎಂಬ ಕನ್ನಡ ಶಬ್ದ ನಾಮಪದವಾದರೆ ತೆಳುವಾದ ಪದರವೆಂದೂ, ಕ್ರಿಯಾಪದವಾದರೆ ಸಲಹು ಎಂದೂ ಅರ್ಥ ಕೊಡುತ್ತದೆ. ಹಾವು ಪೊರೆ ಬಿಡುವುದನ್ನೂ ಕಣ್ಣಿಗೆ ಪೊರೆ ಬರುವುದನ್ನೂ ನಾವೆಲ್ಲರೂ ಬಲ್ಲೆವು. ಬಿಸಿಲನ್ನು ವಿದ್ಯುತ್ತಾಗಿ ಮಾರ್ಪಡಿಸುವ ಇನ್ನೊಂದು ಬಗೆಯ ಪೊರೆಯ ಚರಿತ್ರೆ ಇದು. ಯಾವ ಪದಾರ್ಥವನ್ನು ಬಳಸಿದರೆಂಬುದು ಇಲ್ಲಿ ಎಷ್ಟು ಮುಖ್ಯವೋ, ಅದು ಹೇಗೆ ಆರಿ ಪೊರೆಗಟ್ಟಿತೆಂಬುದೂ ಅಷ್ಟೇ ಮುಖ್ಯ.

ಅಮೆರಿಕದ ಬೆಲ್ ಪ್ರಯೋಗಶಾಲೆಯವರು 1954ರಲ್ಲಿ ಸಿಲಿಕಾನಿನ ಸೌರಕೋಶವನ್ನು ಲೋಕಕ್ಕೆ ತೋರಿಸಿದರು. ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಸುಮಾರು ಶೇಕಡ 6ರಷ್ಟನ್ನು ಅದು ವಿದ್ಯುತ್ತಾಗಿಸುತ್ತಿತ್ತು. ಆದರೆ ಸಿಲಿಕಾನನ್ನು ಕರಗಿಸಿ ಹರಳುಗಟ್ಟಿಸಲು 1,400 ಡಿಗ್ರಿಗೂ ಮೀರಿದ ಶಾಖ ಬೇಕು. ಅದರ ಬದಲು ಇಂಗಾಲದ ಸಂಯುಕ್ತಗಳಾದ ಬಣ್ಣಗಳನ್ನು ತೆಳುವಾಗಿ ಬಳಿದೇ ಈ ಕೆಲಸವನ್ನು ಸಾಧಿಸಬಾರದೇಕೆ ಎಂದು ವಿಜ್ಞಾನಿಗಳು ಯೋಚಿಸಿದರು.

ಈ ದಾರಿಯಲ್ಲಿ ದೊಡ್ಡ ಹೆಜ್ಜೆಯನ್ನಿಟ್ಟವರು ಈಸ್ಟ್‌ಮನ್ ಕೊಡಕ್ ಸಂಸ್ಥೆಯಲ್ಲಿದ್ದ ಚಿಂಗ್ ಟ್ಯಾಂಗ್ ಅವರು. ಎಲೆಕ್ಟ್ರಾನನ್ನು ಕೊಡುವ ಒಂದು ಪದಾರ್ಥ, ಅದನ್ನು ಸ್ವೀಕರಿಸುವ ಮತ್ತೊಂದು. ಇವೆರಡನ್ನೂ ನಿರ್ವಾತದಲ್ಲಿ ಆವಿಯಾಗಿಸಿ, ಒಂದರ ಮೇಲೊಂದು ಪೊರೆಯಾಗಿ ಕೂರಿಸಿದರು. 1986ರಲ್ಲಿ ಪ್ರಕಟವಾದ ಈ ಕೋಶದ ದಕ್ಷತೆ ಸುಮಾರು ಶೇಕಡ 1 ಮಾತ್ರ.

ಇದಕ್ಕೊಂದು ಕಾರಣವುಂಟು. ಬೆಳಕು ಬಿದ್ದಾಗ ಇಂಥ ಪದಾರ್ಥದಲ್ಲಿ ಹುಟ್ಟುವ ಚೈತನ್ಯ ಸುಮಾರು 10 ನ್ಯಾನೊಮೀಟರ್ ಸಾಗುವಷ್ಟರಲ್ಲಿ ನಶಿಸುತ್ತದೆ. ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. ಅಷ್ಟರೊಳಗೆ ಎರಡು ಪದಾರ್ಥಗಳ ಗಡಿ ಸಿಕ್ಕಿದರೆ ಮಾತ್ರ ವಿದ್ಯುತ್ತು ದೊರೆತೀತು. ಪೊರೆ ಅಷ್ಟು ತೆಳುವಾದರೋ, ಸಾಕಷ್ಟು ಬೆಳಕನ್ನು ಹೀರಲಾರದು. ಅದಕ್ಕೆ ಸುಮಾರು 100 ನ್ಯಾನೊಮೀಟರ್ ದಪ್ಪವಾದರೂ ಬೇಕು.

ಈ ಇಕ್ಕಟ್ಟಿಗೆ 1995ರಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಬಾರ್ಬರದಲ್ಲಿ ಅಲನ್ ಹೀಗರ್ ಮತ್ತು ಸಂಗಡಿಗರು ಪರಿಹಾರವನ್ನು ತೋರಿಸಿದರು. ಒಂದು ಪಾಲಿಮರನ್ನೂ, ಇಂಗಾಲದ 60 ಪರಮಾಣುಗಳ ಚೆಂಡಿನಿಂದ ಪಡೆದ ಫುಲ್ಲರೀನ್ ಸಂಯುಕ್ತವನ್ನೂ ಒಂದೇ ದ್ರಾವಕದಲ್ಲಿ ಕರಗಿಸಿ ಹರಡಿದರು. ದ್ರಾವಕ ಆರುತ್ತ ಬಂದಂತೆ ಅವೆರಡೂ ತಾವಾಗಿಯೇ ಬೇರ್ಪಟ್ಟು, ಬೇರುಗಳಂತೆ ಹೆಣೆದುಕೊಂಡವು. ಗಡಿ ಈಗ ಒಂದೇ ಗೆರೆಯಲ್ಲಿಲ್ಲ; ಪೊರೆಯ ತುಂಬ ಹಬ್ಬಿತು.

ಹೀಗೆ, ಪೊರೆಯ ಭವಿಷ್ಯವೆಲ್ಲ ಅದು ಆರುವ ಕೆಲವು ಕ್ಷಣಗಳಲ್ಲಿ ನಿಂತಿತು. ಇದನ್ನು ಸ್ಪಷ್ಟಪಡಿಸಿದ್ದು 2001ರಲ್ಲಿ ಆಸ್ಟ್ರಿಯದ ಲಿಂಟ್ಸ್ ನಗರದಲ್ಲಿ ನಡೆದ ಪ್ರಯೋಗ. ಅದೇ ಪಾಲಿಮರು, ಅದೇ ಫುಲ್ಲರೀನು. ಟಾಲೀನಿನಲ್ಲಿ ಕರಗಿಸಿದಾಗ ದಕ್ಷತೆ ಶೇಕಡ 0.9, ಕ್ಲೋರೊಬೆಂಜೀನಿನಲ್ಲಿ ಕರಗಿಸಿದಾಗ 2.5! ಮೊದಲನೆಯದರಲ್ಲಿ ಫುಲ್ಲರೀನು ದೊಡ್ಡ ಗಂಟುಗಳಾಗುತ್ತಿತ್ತು. ಎರಡನೆಯದರಲ್ಲಿ ನವುರಾಗಿ ಬೆರೆಯುತ್ತಿತ್ತು. ಒಂದೇ ಬೆಲ್ಲವಾದರೂ ಪಾಕ ಬೇರೆಯಾದರೆ ತಿಂಡಿ ಬೇರೆಯಾಗುವುದಿಲ್ಲವೆ? ಹಾಗೆಂದು ತೀರ ಬೆರೆತರೂ ಕಷ್ಟವೇ. ಆಗ ವಿದ್ಯುತ್ತು ಹೊರಬರಲು ಹಾದಿಯಿರುವುದಿಲ್ಲ. 2007ರಲ್ಲಿ ಸಾಂಟಾ ಬಾರ್ಬರದವರು ನಿಧಾನವಾಗಿ ಆವಿಯಾಗುವ ಒಂದು ದ್ರವವನ್ನು ಕೊಂಚ ಬೆರೆಸಿ, ಬೇರೊಂದು ಮಿಶ್ರಣದ ದಕ್ಷತೆಯನ್ನು 2.8ರಿಂದ 5.5ಕ್ಕೆ ಏರಿಸಿದರು.

2019ರಲ್ಲಿ ಚೀನದ ವಿಜ್ಞಾನಿಗಳು ಫುಲ್ಲರೀನಿನ ಬದಲು ‘ವೈ6’ ಎಂಬ ಹೊಸ ಅಣುವನ್ನು ಬಳಸಿ 15.7ನ್ನು ಮುಟ್ಟಿದರು. ಅಲ್ಲಿಂದೀಚೆಗೆ ದಕ್ಷತೆ 19ನ್ನೂ ದಾಟಿದೆ. ಆದರೆ ಇವು ಗಿರ್ರನೆ ತಿರುಗುವ ಗಾಜಿನ ಮೇಲೆ ಹರಡಿದ, ಬೆರಳ ಉಗುರಿಗಿಂತ ದೊಡ್ಡದಲ್ಲದ ಕೋಶಗಳ ಲೆಕ್ಕ. ಅದನ್ನೇ ಕಾರ್ಖಾನೆಯಲ್ಲಿ ಮಾರುಗಟ್ಟಲೆ ಹಾಳೆಯ ಮೇಲೆ ಅಚ್ಚೊತ್ತುವಾಗ ಆರುವ ವೇಗ ಬದಲಾಗುತ್ತದೆ, ಪೊರೆಯ ಹೆಣಿಗೆಯೂ ಕೆಡುತ್ತದೆ. ಮೇಲಾಗಿ, ಪೊರೆಯನ್ನು ಚೆನ್ನಾಗಿ ಕಟ್ಟಿಕೊಡುವ ಕ್ಲೋರೀನಿನ ದ್ರಾವಕಗಳ ಆವಿ ದುಡಿಯುವವರ ಆರೋಗ್ಯಕ್ಕೆ ಹಾನಿಕರ. ಆದುದರಿಂದ ನಿರಪಾಯವಾದ ದ್ರಾವಕದಲ್ಲಿ ಕರಗಿ, ದೊಡ್ಡ ಹಾಳೆಯ ಮೇಲೂ ಹದವಾಗಿ ಆರುವ ಮಿಶ್ರಣಕ್ಕಾಗಿ ಅನ್ವೇಷಣೆ ಸಾಗಿದೆ. ಅದು ಕೈಗೂಡಿದಂದು ಈ ಪೊರೆ ತನ್ನ ಹೆಸರಿನ ಎರಡನೆಯ ಅರ್ಥಕ್ಕೂ ಸಲ್ಲುತ್ತದೆ.