ಮೈಫೋರ್ಡ್ ಎಂಎಲ್7

ಹವ್ಯಾಸಿಗಳ ಮನೆ ಕಾರ್ಯಾಗಾರಕ್ಕೆಂದೇ ರೂಪಿಸಿದ ಸಣ್ಣ ಲೇತ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಬಳಿಯ ಬೀಸ್ಟನ್‌ನಲ್ಲಿ ತಯಾರಾಗುತ್ತಿದ್ದ ಇದು 1946ರಲ್ಲಿ ಬಂತು. ಬೆಡ್ಡಿನಿಂದ ಕೇಂದ್ರದ ಎತ್ತರ 3.5 ಅಂಗುಲ, ಪುಟಾಣಿ ಉಗಿ ಎಂಜಿನ್ ಕಟ್ಟುವವರಿಗೆ ಧಾರಾಳವಾಯಿತು. ಕೊರತೆಯೆಂದರೆ ಸ್ಪಿಂಡಲ್ಲಿನ ತೂತು: ಸುಮಾರು 15 ಮಿ.ಮೀ.ಗಿಂತ ದಪ್ಪನೆಯ ಸರಳು ಅದರೊಳಗೆ ತೂರದು.

ಇಂದು ಸಿಗುವವು ಹೆಚ್ಚಾಗಿ ಹಳೆಯ ಯಂತ್ರಗಳೇ. ಹೊಸ ಬಣ್ಣಕ್ಕೆ ಮರುಳಾಗಬಾರದು. ಸವೆತ ಅಡಗಿರುವುದು ಬೆಡ್ಡಿನಲ್ಲಿ, ಅದೂ ಕೆಲಸ ಹೆಚ್ಚು ನಡೆಯುವ ಚಕ್ಕಿನ ಪಕ್ಕದಲ್ಲಿ. ಅಲ್ಲಿ ಸ್ಯಾಡಲ್ಲನ್ನು ಸಡಿಲವಿಲ್ಲದಂತೆ ಬಿಗಿ ಮಾಡಿ ಟೇಲ್‌ಸ್ಟಾಕ್ ಕಡೆಗೆ ಸರಿಸಬೇಕು. ಮಧ್ಯದಲ್ಲೇ ಕಚ್ಚಿಕೊಂಡು ನಿಂತರೆ ಬೆಡ್ಡು ಸವೆದಿದೆ ಎಂದೇ ಅರ್ಥ. ಅದನ್ನು ಮತ್ತೆ ಗ್ರೈಂಡ್ ಮಾಡಿಸುವ ಖರ್ಚನ್ನೂ ಸೇರಿಸಿಕೊಂಡೇ ಬೆಲೆ ಕೇಳಿ.