ಬೇಹು ತಂತ್ರಾಂಶ (ಸ್ವಂತ ಲ್ಯಾಪ್‌ಟಾಪಿನಲ್ಲಿ)

ಬಳಸುವವರ ಅರಿವಿಗೆ ಬಾರದಂತೆ ಕಂಪ್ಯೂಟರಿನಲ್ಲಿ ನೆಲೆಸಿ, ಅಲ್ಲಿ ನಡೆಯುವುದನ್ನು ಹೊರಗಿನವರಿಗೆ ರವಾನಿಸುವ ತಂತ್ರಾಂಶ, ಬಳಕೆಯಲ್ಲಿ ಸ್ಪೈವೇರ್. ಒತ್ತಿದ ಕೀಲಿಗಳು, ತೆರೆಯ ಚಿತ್ರ, ಕಡತಗಳು, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌, ಕ್ಯಾಮೆರಾ ಮತ್ತು ಮೈಕು ಅದರ ಕೈಗೆ ಸಿಗುವ ಸರಕು. ವೈರಸ್ಸಿನ ಸ್ವಭಾವ ಹರಡುವುದು. ಬೇಹು ತಂತ್ರಾಂಶದ್ದು ಸದ್ದಿಲ್ಲದೆ ಕೂತಿರುವುದು. ಹಾಗಾಗಿ ಅದರ ಬಗ್ಗೆ ಮೊದಲು ಹುಟ್ಟುವುದು ಪುರಾವೆಯಲ್ಲ, ಶಂಕೆ.

ಹಾಕುವವರು

ದೂರದ ಹ್ಯಾಕರ್‌ಗಿಂತ, ಯಂತ್ರವನ್ನು ಒಮ್ಮೆ ಕೈಯಲ್ಲಿ ಹಿಡಿದಿದ್ದವರನ್ನೇ ಮೊದಲು ನೆನೆಯುವುದು ಒಳ್ಳೆಯದು: ಮನೆಯವರು, ರಿಪೇರಿಯವರು, ಕೊಟ್ಟ ಕಚೇರಿ. ಅಮೆರಿಕದಲ್ಲಿ ಬಾಡಿಗೆ-ಖರೀದಿ ಅಂಗಡಿಗಳು ಕೊಡುತ್ತಿದ್ದ ಕಂಪ್ಯೂಟರುಗಳಲ್ಲಿ ಡಿಸೈನರ್‌ವೇರ್ ಕಂಪನಿಯ ತಂತ್ರಾಂಶವಿತ್ತು. ಕಂತು ತಪ್ಪಿಸಿದವರ ಕೀಲಿಯೊತ್ತು, ತೆರೆ, ಕ್ಯಾಮೆರಾ ಚಿತ್ರಗಳನ್ನು ಅದು ಕದಿಯಬಲ್ಲದಾಗಿತ್ತು. ಆ ದೇಶದ ಫೆಡರಲ್ ಟ್ರೇಡ್ ಕಮಿಷನ್ 2012ರಲ್ಲಿ ಅದರ ಮೇಲೂ ಏಳು ಅಂಗಡಿ ಸಂಸ್ಥೆಗಳ ಮೇಲೂ ಕ್ರಮ ಕೈಗೊಂಡಿತು. ದೂರದಿಂದ ಯಂತ್ರವನ್ನು ಹಿಡಿತಕ್ಕೆ ತೆಗೆದುಕೊಳ್ಳುವ ಬ್ಲ್ಯಾಕ್‌ಶೇಡ್ಸ್ ಎಂಬುದು 40 ಡಾಲರಿಗೇ ಸಿಗುತ್ತಿತ್ತು. 2014ರ ಮೇ ತಿಂಗಳಲ್ಲಿ ಹಲವು ದೇಶಗಳಲ್ಲಿ ಅದಕ್ಕೆ ಸಂಬಂಧಿಸಿ ಬಂಧನಗಳಾದವು. ದೇಶ-ದೇಶಗಳ ನಡುವಿನ ಬೇಹಿಗೆ ಭಾರತದಲ್ಲಿ ಸಿಕ್ಕ ಉದಾಹರಣೆ ಘೋಸ್ಟ್‌ನೆಟ್. ಧರ್ಮಶಾಲೆಯ ದಲೈ ಲಾಮಾ ಕಚೇರಿಯ ಕಂಪ್ಯೂಟರುಗಳಿಂದ ಮೊದಲಾದ ತನಿಖೆ 2009ರಲ್ಲಿ 103 ದೇಶಗಳ 1,295 ಯಂತ್ರಗಳವರೆಗೆ ಹೋಯಿತು. ಹೊಕ್ಕಿದ್ದು ಇಮೇಲಿಗೆ ಅಂಟಿಸಿದ ಕಡತಗಳ ಮೂಲಕ.

ಕ್ಯಾಮೆರಾ ದೀಪ

ಲ್ಯಾಪ್‌ಟಾಪಿನ ಕ್ಯಾಮೆರಾ ಪಕ್ಕದ ಪುಟ್ಟ ದೀಪವನ್ನು ಜನ ನಂಬುವಷ್ಟು ಬೇರೆ ಯಾವ ಲಕ್ಷಣವನ್ನೂ ನಂಬುವುದಿಲ್ಲ. ಆ ನಂಬಿಕೆಗೆ ಎರಡು ಮುಖಗಳಿವೆ.

ಪೆನ್ಸಿಲ್ವೇನಿಯಾದ ಲೋವರ್ ಮೆರಿಯನ್ ಶಾಲಾ ಜಿಲ್ಲೆ ತನ್ನ ಸುಮಾರು 2,300 ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಮ್ಯಾಕ್‌ಬುಕ್‌ಗಳನ್ನು ಕೊಟ್ಟಿತ್ತು. ಕಳೆದುಹೋದ ಯಂತ್ರವನ್ನು ಪತ್ತೆ ಹಚ್ಚಲೆಂದು ಹಾಕಿದ್ದ ತಂತ್ರಾಂಶ ಕ್ಯಾಮೆರಾದಿಂದ ನಿಮಿಷಗಳ ಅಂತರದಲ್ಲಿ ಚಿತ್ರ ತೆಗೆಯುತ್ತಿತ್ತು. ಹಸಿರು ದೀಪ ಕ್ಷಣಮಾತ್ರ ಮಿನುಗುವುದನ್ನು ಕೆಲವು ಮಕ್ಕಳು ಗಮನಿಸಿ ಕೇಳಿದ್ದರು. ಅದು ತಾಂತ್ರಿಕ ತೊಡಕು ಎಂಬ ಉತ್ತರ ಬಂದಿತ್ತು. ಮನೆಯಲ್ಲಿ ತೆಗೆದ ಚಿತ್ರವೊಂದನ್ನು ಶಾಲೆಯ ಅಧಿಕಾರಿ ವಿದ್ಯಾರ್ಥಿಯೊಬ್ಬನ ಮುಂದಿಟ್ಟಾಗ ವಿಷಯ ಹೊರಬಿದ್ದು, 2010ರ ಫೆಬ್ರವರಿಯಲ್ಲಿ ಮೊಕದ್ದಮೆಯಾಯಿತು. ತೆರೆ ಚಿತ್ರಗಳೂ ಸೇರಿ 50 ಸಾವಿರಕ್ಕೂ ಹೆಚ್ಚು ಚಿತ್ರಗಳು ಸಂಗ್ರಹವಾಗಿದ್ದವು. ಕ್ರಿಮಿನಲ್ ಆರೋಪ ಹೊರಿಸಲು ಸರ್ಕಾರಿ ವಕೀಲರು ಮುಂದಾಗಲಿಲ್ಲ. ಅದೇ ಅಕ್ಟೋಬರಿನಲ್ಲಿ 6,10,000 ಡಾಲರಿಗೆ ರಾಜಿಯಾಯಿತು. ಇಲ್ಲಿ ದೀಪ ನಿಜ ಹೇಳಿತ್ತು, ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳಲಿಲ್ಲ.

ದೀಪ ಸುಳ್ಳು ಹೇಳಬಲ್ಲದು ಎಂಬುದನ್ನು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಬ್ರಾಕರ್ ಮತ್ತು ಸ್ಟೀಫನ್ ಚೆಕೊವೆ 2013ರಲ್ಲಿ ತೋರಿಸಿದರು. 2008ಕ್ಕೂ ಹಿಂದಿನ ಮ್ಯಾಕ್‌ಬುಕ್‌ಗಳಲ್ಲಿ ದೀಪದ ತಂತಿ ಜೋಡಿಸಿದ್ದುದು ಕ್ಯಾಮೆರಾದ ವಿದ್ಯುತ್ತಿಗಲ್ಲ, 'ವಿಶ್ರಾಂತಿಯಲ್ಲಿರು' ಎಂದು ಸಂವೇದಕಕ್ಕೆ ಹೋಗುವ ಸಂಕೇತಕ್ಕೆ. ಆ ಸಂಕೇತವಿದ್ದರೆ ದೀಪ ಆರಿರುತ್ತದೆ. ಕ್ಯಾಮೆರಾದೊಳಗಿನ ಸಣ್ಣ ನಿಯಂತ್ರಕ ಚಿಪ್ಪಿಗೆ ಹೊಸ ಫರ್ಮ್‌ವೇರ್ ತುಂಬಿ, ಸಂಕೇತವನ್ನು ಲೆಕ್ಕಿಸಬೇಡವೆಂದು ಸಂವೇದಕಕ್ಕೆ ಹೇಳಿದರೆ ಅದು ವಿಶ್ರಾಂತಿಯ ಸೋಗಿನಲ್ಲೇ ಚಿತ್ರ ತೆಗೆಯುತ್ತದೆ. ಇದಕ್ಕೆ ಅಡ್ಮಿನ್ ಅಧಿಕಾರವೂ ಬೇಕಿರಲಿಲ್ಲ. ಈಚಿನ ಯಂತ್ರಗಳ ವಿನ್ಯಾಸ ಬೇರೆ. ಆ ದಾಳಿಯನ್ನು ಅವಕ್ಕೆ ಹಾಗೆಯೇ ಅನ್ವಯಿಸಲಾಗದು. ಆದರೂ ಆರಿದ ದೀಪವನ್ನು ಪುರಾವೆ ಎನ್ನುವುದಕ್ಕಿಂತ ಕ್ಯಾಮೆರಾ ಮೇಲೆ ಒಂದು ತುಂಡು ಟೇಪು ಅಂಟಿಸುವುದು ಅಗ್ಗ. ಮೈಕಿಗೆ ಅಂಥ ಸುಲಭೋಪಾಯವಿಲ್ಲ.

ತಪಾಸಣೆ

ಬಿಸಿಯಾಗುವುದು, ಫ್ಯಾನಿನ ಸದ್ದು, ನಿಧಾನಗತಿ: ಇವುಗಳಿಗೆ ಬಹುತೇಕ ಬೇರೆ ಕಾರಣಗಳಿರುತ್ತವೆ. ತೂಕವಿರುವ ಲಕ್ಷಣಗಳೆಂದರೆ ತಾನಾಗಿ ಆಫ್ ಆದ ಆ್ಯಂಟಿವೈರಸ್, ಯಾರೂ ಹಾಕದ ಬ್ರೌಸರ್ ಎಕ್ಸ್‌ಟೆನ್ಷನ್, ಹಾಕಿದ ನೆನಪಿಲ್ಲದ ದೂರನಿಯಂತ್ರಣ ಆ್ಯಪ್, ಮತ್ತು ಎಲ್ಲಕ್ಕಿಂತ ಮಿಗಿಲಾಗಿ, ಆ ಯಂತ್ರದಲ್ಲಿ ಮಾತ್ರವೇ ಟೈಪು ಮಾಡಿದ್ದ ಸಂಗತಿ ಮತ್ತೊಬ್ಬರ ಬಾಯಲ್ಲಿ ಕೇಳಿಬರುವುದು.

ಪಾಸ್‌ವರ್ಡ್‌ಗಳನ್ನು ನಂಬಿಕೆಯ ಬೇರೊಂದು ಸಾಧನದಿಂದ ಬದಲಿಸಬೇಕು. ಶಂಕಿತ ಯಂತ್ರದಲ್ಲೇ ಬದಲಿಸಿದರೆ ಹೊಸದೂ ಬೇಹಿನ ಕೈ ಸೇರುತ್ತದೆ. ಹಾಕಿದವರು ಒಂದೇ ಸೂರಿನಡಿ ಇರುವವರಾದರೆ, ತೆಗೆದುಹಾಕಿದ್ದು ಅವರಿಗೆ ತಕ್ಷಣ ತಿಳಿಯುತ್ತದೆಂಬುದನ್ನೂ ಮೊದಲೇ ಯೋಚಿಸಬೇಕು. ಅನಂತರದ ನಿರ್ಧಾರವೇ ಮುಖ್ಯ: ಬೇಕಿರುವುದು ಶುದ್ಧ ಯಂತ್ರವೋ, ಸಾಕ್ಷ್ಯವೋ? ಶುದ್ಧ ಯಂತ್ರ ಸಾಕೆಂದರೆ ದಾಖಲೆ-ಫೋಟೋಗಳನ್ನಷ್ಟೇ ಉಳಿಸಿಕೊಂಡು ಆಪರೇಟಿಂಗ್ ಸಿಸ್ಟಮ್ಮನ್ನು ಹೊಸದಾಗಿ ಹಾಕುವುದು ಯಾವ ಸ್ಕ್ಯಾನಿಗಿಂತಲೂ ಭದ್ರ. ಇದಕ್ಕೂ ಬಗ್ಗದ ಫರ್ಮ್‌ವೇರ್ ಮಟ್ಟದ ಲೋಜ್ಯಾಕ್ಸ್ 2018ರಲ್ಲಿ ಪತ್ತೆಯಾಯಿತು. ಸಾಮಾನ್ಯರಿಗೆ ಅದು ಎದುರಾಗುವುದು ಅಪರೂಪ. ಕುತೂಹಲವಿರುವವರು ವಿಂಡೋಸ್‌ನಲ್ಲಿ ಆಟೊರನ್ಸ್ ಬಳಸಿ, ಯಂತ್ರದ ಜತೆಗೇ ಏಳುವ ಕಾರ್ಯಕ್ರಮಗಳ ಪಟ್ಟಿ ನೋಡಬಹುದು. ಪ್ರತಿ ಸಲ ತಾನಾಗಿ ಏಳಲು ಬೇಹಿಗೂ ಎಲ್ಲಾದರೂ ಹೆಸರು ಬರೆಸಿಕೊಳ್ಳಬೇಕಾಗುತ್ತದೆ.

ಸಾಕ್ಷ್ಯ

ಸಾಕ್ಷ್ಯ ಬೇಕೆಂದರೆ ಅಳಿಸುವುದೂ ಸ್ಕ್ಯಾನ್ ಮಾಡುವುದೂ ಬೇಡ. ವೈ-ಫೈ ಕಡಿದು, ಯಂತ್ರವನ್ನು ಆರಿಸದೆ ಬಲ್ಲವರಿಗೆ ಒಪ್ಪಿಸಬೇಕು, ಏಕೆಂದರೆ ರ‍್ಯಾಮ್‌ನಲ್ಲಿರುವುದು ಆರಿಸಿದೊಡನೆ ಹೋಗುತ್ತದೆ. ಡಿಸ್ಕಿನ ಪ್ರತಿ ತೆಗೆದು ಅದರ ಹ್ಯಾಶ್ ಮೌಲ್ಯ ದಾಖಲಿಸುತ್ತಾರೆ. ಒಂದು ಬಿಟ್ ಬದಲಾದರೂ ಆ ಮೌಲ್ಯ ಬದಲಾಗುತ್ತದೆ. ಇಂಥ ಪ್ರತಿಯ ಬೆಲೆ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಕಂಡಿತು. ಆರೋಪಿಯೊಬ್ಬರ ಲ್ಯಾಪ್‌ಟಾಪಿನಲ್ಲಿ ನೆಟ್‌ವೈರ್ ಎಂಬ ತಂತ್ರಾಂಶ 22 ತಿಂಗಳಿಗೂ ಹೆಚ್ಚು ಕಾಲ ಇತ್ತೆಂದೂ ಅದರ ಮೂಲಕ ಕಡತಗಳನ್ನು ತಂದಿಡಲಾಯಿತೆಂದೂ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ 2021ರಲ್ಲಿ ವರದಿ ನೀಡಿತು. ತನಿಖಾ ಸಂಸ್ಥೆ ಇದನ್ನು ಒಪ್ಪಿಲ್ಲ.

ಭಾರತದಲ್ಲಿ ಅನುಮತಿಯಿಲ್ಲದೆ ಇಂಥದನ್ನು ಹಾಕುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43 ಮತ್ತು 66ನೇ ಕಲಮುಗಳಡಿ ಬರುತ್ತದೆ. ಮೂರು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕರ್ನಾಟಕದಲ್ಲಿ ದೂರನ್ನು ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗಳಲ್ಲಿ ಕೊಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಶ್ ಮೌಲ್ಯ ಬರೆಯಲೆಂದೇ ಜಾಗವಿದೆ.